ಇಂಡಿಯನ್ ಹೆಡ್ ಎಂಬ ಊರು ಖಾಲಿ ಬಯಲಲ್ಲ

ಸಂಪಾದಕರಿಗೆ,

ಮಾನ್ಯರೇ,

ಕೆನಡಾಕ್ಕೆ ಓದಲು, ದುಡಿಯಲು ಹೋಗುತ್ತಿರುವ ಮುಂಬೈ ಕನ್ನಡಿಗರ ಮಕ್ಕಳ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಾಲೇಜಿನ ಶುಲ್ಕ, ಮನೆ ಬಾಡಿಗೆ, ಕೆಲಸದ ಪರವಾನಗಿ ಇವುಗಳ ಬಗ್ಗೆ ಲೇಖಕರು ಕೊಟ್ಟಿರುವ ಮಾಹಿತಿ ಅನೇಕ ಮನೆಗಳಿಗೆ ಉಪಯೋಗಕ್ಕೆ ಬರುವಂಥದ್ದು; ಅದರ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಟೊರಾಂಟೊ ಮತ್ತು ವ್ಯಾಂಕೂವರ್ ನಗರಗಳ ನಡುವೆ ಇರುವುದೆಲ್ಲ ಇತಿಹಾಸವಿಲ್ಲದ ಖಾಲಿ ಬಯಲು, ಅಲ್ಲಿನ ಸಣ್ಣ ಊರುಗಳಲ್ಲಿ ತಿಳಿಯಬೇಕಾದದ್ದೇನೂ ಇಲ್ಲ ಎಂಬ ಅರ್ಥ ಬರುವಂತೆ ಒಂದೇ ಸಾಲಿನಲ್ಲಿ ಅವರು ಆ ಸೀಮೆಯನ್ನು ತಳ್ಳಿಹಾಕಿರುವುದು ಸರಿಯಲ್ಲ. ಆ ಸಾಲನ್ನು ಓದಿ ಸುಮ್ಮನಿರಲು ನನಗೆ ಸಾಧ್ಯವಾಗಲಿಲ್ಲ.

ನಾನು ವಿಜಯಪುರ ಜಿಲ್ಲೆಯ ಎರೆ ಸೀಮೆಯವನು. ಮೊದಲು ಮಸ್ಜಿದ್ ಬಂದರಿನ ದಾಣಾ ಬಂದರ್‌ನಲ್ಲಿ, ಮಾರುಕಟ್ಟೆ ವಾಶಿಗೆ ಸ್ಥಳಾಂತರವಾದ ಮೇಲೆ ಅಲ್ಲಿ, ಬೇಳೆಕಾಳಿನ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಪರಖಿ ಎಂದು ಬಜಾರಿನಲ್ಲಿ ಕರೆಯುವ ಚೂಪಾದ ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಅಂಗೈಗೆ ಬಿದ್ದ ಒಂದು ಮುಷ್ಟಿ ಕಾಳನ್ನು ಬೆಳಕಿಗೆ ಹಿಡಿದು, ಹುಳುಕೆಷ್ಟು, ಒಡಕೆಷ್ಟು, ಮಣ್ಣೆಷ್ಟು ಎಂದು ನೋಡಿ ದರ ಹೇಳುವುದು ನಮ್ಮ ದಿನನಿತ್ಯದ ಕೆಲಸವಾಗಿತ್ತು. ಅಲ್ಲಿಗೆ ಬರುತ್ತಿದ್ದ ಮಸೂರ, ಅಂದರೆ ನಮ್ಮ ಕಡೆಯ ಚನ್ನಂಗಿ, ಮತ್ತು ಒಣ ಬಟಾಣಿ ಬಹುಮಟ್ಟಿಗೆ 'ಕೆನಡಾ ಮಾಲು'. ಸಸ್ಕ್ಯಾಚೆವಾನ್ ಎಂಬ ಪ್ರಾಂತ್ಯದ ಹೆಸರು ಸಾಗಣೆ ಕಾಗದಗಳಲ್ಲಿ ಕಾಣುತ್ತಿತ್ತು. ಅದರ ಹಿಂದೆ ಯಾವ ಊರು, ಯಾವ ಹೊಲ ಎಂದು ಕೇಳುವವರು ಪೇಟೆಯಲ್ಲಿ ಯಾರೂ ಇರಲಿಲ್ಲ. ಮಗಳು ಆ ಪ್ರಾಂತ್ಯದ ರಾಜಧಾನಿ ರೆಜೈನಾದಲ್ಲಿ ನೆಲೆಸಿದ ಮೇಲೆ ಒಂದು ಬೇಸಿಗೆಯನ್ನು ಅಲ್ಲಿ ಕಳೆದಾಗ, ಆ ನಗರದಿಂದ ಪೂರ್ವಕ್ಕೆ ಸುಮಾರು 70 ಕಿಲೊಮೀಟರ್ ದೂರದಲ್ಲಿರುವ ಇಂಡಿಯನ್ ಹೆಡ್ ಎಂಬ ಊರನ್ನು ನೋಡಿ, ಅದರ ಕಥೆಯನ್ನು ಓದಿ ತಿಳಿದುಕೊಂಡೆ. ಸುಮಾರು ಎರಡು ಸಾವಿರ ಜನರ ಊರದು. ಡೊಂಬಿವಲಿಯ ನಾಲ್ಕೈದು ದೊಡ್ಡ ಸೊಸೈಟಿಗಳಲ್ಲಿ ಅಷ್ಟು ಜನ ವಾಸವಾಗಿದ್ದಾರೆ. ಆದರೂ ಒಣಬೇಸಾಯದ ಇತಿಹಾಸದಲ್ಲಿ, ರೈತ ಸಂಘಟನೆಯ ಇತಿಹಾಸದಲ್ಲಿ ಆ ಊರಿಗಿರುವಷ್ಟು ಪಾತ್ರ ಎಷ್ಟೋ ನಗರಗಳಿಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು 'ಖಾಲಿ' ಎಂಬ ಮಾತಿನ ಬಗ್ಗೆ. ಆ ನೆಲ ಎಂದೂ ಖಾಲಿಯಾಗಿರಲಿಲ್ಲ. ಕ್ರೀ, ಸೋಟೋ, ನಕೋಡಾ ಎಂಬ ಮೂಲನಿವಾಸಿ ಜನ ಕಾಡೆಮ್ಮೆಯ ಹಿಂಡುಗಳನ್ನು ಅನುಸರಿಸಿ ತಲೆತಲಾಂತರದಿಂದ ಬದುಕಿದ್ದ ಸೀಮೆ ಅದು. ಊರಿನ ಉತ್ತರಕ್ಕಿರುವ ಕಪೆಲ್ ಕಣಿವೆಯಲ್ಲಿ, ಫೋರ್ಟ್ ಕಪೆಲ್ ಎಂಬಲ್ಲಿ, 1874ರ ಸೆಪ್ಟೆಂಬರ್ 15ರಂದು ಬ್ರಿಟಿಷ್ ರಾಣಿಯ ಹೆಸರಿನಲ್ಲಿ ಈ ಮೂಲನಿವಾಸಿಗಳೊಂದಿಗೆ ನೆಲದ ಕುರಿತ ನಾಲ್ಕನೇ ಒಪ್ಪಂದಕ್ಕೆ ಸಹಿಯಾಯಿತು. ಕಾಡೆಮ್ಮೆಗಳು ಬೇಟೆಯಿಂದ ಬಹುತೇಕ ನಿರ್ನಾಮವಾಗಿ ಜನ ಹಸಿವಿನಿಂದ ಕಂಗೆಟ್ಟಿದ್ದ ಕಾಲದಲ್ಲಿ, ಪಶ್ಚಿಮದ ಸೈಪ್ರೆಸ್ ಬೆಟ್ಟಗಳಲ್ಲಿ ನೆಲೆಸಲು ಬಯಸಿದ್ದ ನಕೋಡಾ ಜನರನ್ನು 1882–83ರ ಸುಮಾರಿಗೆ ಸರ್ಕಾರ ಅಲ್ಲಿಂದ ಎಬ್ಬಿಸಿ ಇಂಡಿಯನ್ ಹೆಡ್ ಬಳಿಯ ಮೀಸಲು ಜಾಗಕ್ಕೆ ತಂದಿತು. ಹಸಿವು ಮತ್ತು ರೋಗದಿಂದ ಅವರಲ್ಲಿ ಅನೇಕರು ಸತ್ತರು. ಇಂದಿಗೂ ಅವರ ವಂಶದವರು ಕ್ಯಾರಿ ದ ಕೆಟಲ್ ನಕೋಡಾ ಸಮುದಾಯವಾಗಿ ಆ ಊರಿನ ನೆರೆಯಲ್ಲಿಯೇ ಇದ್ದಾರೆ. ಅದೇ ಕಣಿವೆಯ ಲೆಬ್ರೆಟ್ ಎಂಬಲ್ಲಿ ಮೂಲನಿವಾಸಿ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಇಡುತ್ತಿದ್ದ ವಸತಿ ಶಾಲೆಯೊಂದು 1884ರಲ್ಲಿ ಆರಂಭವಾಗಿ 1998ರವರೆಗೂ ನಡೆಯಿತು. ಇಷ್ಟೆಲ್ಲ ನಡೆದ ನೆಲವನ್ನು ಖಾಲಿ ಬಯಲು ಎಂದು ಬರೆದರೆ, ಅಲ್ಲಿದ್ದವರನ್ನು ಮತ್ತೊಮ್ಮೆ ಎಬ್ಬಿಸಿ ಕಳಿಸಿದಂತಾಗುತ್ತದೆ.

ಕೆನಡಿಯನ್ ಪೆಸಿಫಿಕ್ ರೈಲು ಹಳಿ ಆ ಭಾಗವನ್ನು ಮುಟ್ಟಿದ್ದು 1882ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ, 1872ರ ಕಾಯಿದೆಯಂತೆ, ಹತ್ತು ಡಾಲರ್ ಶುಲ್ಕ ಕಟ್ಟಿ, ಅಲ್ಲಿಯೇ ಮನೆ ಮಾಡಿಕೊಂಡು, ನಿಗದಿತ ಅವಧಿಯೊಳಗೆ ಉತ್ತು ತೋರಿಸಿದವನಿಗೆ 160 ಎಕರೆ ನೆಲ ಕೊಡುವ ವ್ಯವಸ್ಥೆ ಜಾರಿಗೆ ಬಂದಿತ್ತು. ಇಡೀ ಬಯಲನ್ನು ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಗಳಾಗಿ ಅಳೆದಿದ್ದರು. ವಿಮಾನದಿಂದ ನೋಡಿದರೆ ಇಂದಿಗೂ ಆ ಚೌಕಗಳು ಗೆರೆ ಎಳೆದಂತೆ ಕಾಣುತ್ತವೆ. ರೈಲಿನ ಜೊತೆಗೇ ಬಂದದ್ದು ಬೆಲ್ ಫಾರ್ಮ್ ಎಂಬ ಭಾರೀ ಉದ್ಯಮ. ಮೇಜರ್ ವಿಲಿಯಂ ಬೆಲ್ ಎಂಬವರು ಕಂಪನಿ ಕಟ್ಟಿ, ಷೇರುದಾರರ ಬಂಡವಾಳದಿಂದ ಇಂಡಿಯನ್ ಹೆಡ್ ಸುತ್ತಲಿನ ಐವತ್ತು ಸಾವಿರಕ್ಕೂ ಹೆಚ್ಚು ಎಕರೆ ನೆಲವನ್ನು ಒಂದೇ ಆಡಳಿತದಡಿ ಸಾಗುವಳಿ ಮಾಡಲು ಹೊರಟರು. ಬರ, ಹಿಮ, ದೂರದ ಮಾರುಕಟ್ಟೆ, ಸಾಲ ಇವೆಲ್ಲ ಸೇರಿ ಒಂದು ದಶಕವೂ ತುಂಬುವ ಮೊದಲೇ ಆ ಕಂಪನಿ ನೆಲಕಚ್ಚಿತು. ಉಳಿದದ್ದು ಕಲ್ಲಿನ ಒಂದು ದುಂಡು ಕೊಟ್ಟಿಗೆ. ಅದೂ ಕಾಲಕ್ರಮದಲ್ಲಿ ಕುಸಿಯತೊಡಗಿದಾಗ ಊರಿನವರೇ ಸಂಘ ಕಟ್ಟಿ, ದೇಣಿಗೆ ಎತ್ತಿ, ಈ ಶತಮಾನದ ಆರಂಭದ ವರ್ಷಗಳಲ್ಲಿ ಅದನ್ನು ಮತ್ತೆ ನಿಲ್ಲಿಸಿದ್ದಾರೆ. ನಾನು ಅದರ ಗೋಡೆಯನ್ನು ಮುಟ್ಟಿ ನೋಡಿದೆ. ಬಯಲಿನಲ್ಲಿ ಉಳುವಾಗ ಸಿಕ್ಕಂಥ ಬೂದು, ಕೆಂಪು, ಕಪ್ಪು ಬಣ್ಣದ ಬಿಡಿ ಕಲ್ಲುಗಳನ್ನು ಗಾರೆಯಲ್ಲಿ ಕೂಡಿಸಿ ಕಟ್ಟಿದ ದಪ್ಪ ಗೋಡೆ. ಎತ್ತರದ ಕಿಟಕಿಗಳಿಂದ ಬಿದ್ದ ಬೆಳಕು ಒಳಗಿನ ನೆಲವನ್ನೆಲ್ಲ ಮುಟ್ಟುತ್ತಿತ್ತು. ಎರಡು ಸಾವಿರ ಜನರ ಊರು ಒಂದು ಹಳೆಯ ಕೊಟ್ಟಿಗೆಗಾಗಿ ಇಷ್ಟು ಶ್ರಮ ಪಟ್ಟದ್ದು ನನಗೆ ದೊಡ್ಡ ವಿಷಯವಾಗಿ ಕಂಡಿತು.

ಆ ಫಾರ್ಮ್ ಮುಳುಗಿದರೂ ಅದರ ಹೊಲಗಳಿಂದ ಒಂದು ಪಾಠ ಹೊರಬಂತು. 1885ರಲ್ಲಿ ಲೂಯಿ ರಿಯೆಲ್ ನೇತೃತ್ವದಲ್ಲಿ ಮೇಟಿ ಎಂಬ, ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಜನರು ಸರ್ಕಾರದ ವಿರುದ್ಧ ಎದ್ದಾಗ, ಸೈನ್ಯದ ಸಾಮಾನು ಸಾಗಿಸಲು ಆ ಭಾಗದ ಕುದುರೆಗಳನ್ನೂ ಗಾಡಿಗಳನ್ನೂ ಬಾಡಿಗೆಗೆ ಪಡೆಯಲಾಯಿತು. ಹೀಗಾಗಿ ಬಹಳಷ್ಟು ಹೊಲ ಆ ವರ್ಷ ಬಿತ್ತನೆಯಾಗದೆ ಉಳಿದು, ಕುದುರೆಗಳು ಮರಳಿದ ಮೇಲೆ ಬರೀ ಉಳುಮೆ ಕಂಡಿತು. ಮರುವರ್ಷ ಘೋರ ಬರ. ಸುತ್ತಲಿನ ಹೊಲಗಳಲ್ಲಿ ಪೈರು ಒಣಗಿದಾಗ, ಹಿಂದಿನ ವರ್ಷ ಪಾಳು ಬಿಟ್ಟು ಉತ್ತಿದ್ದ ಹೊಲಗಳಲ್ಲಿ ಮಾತ್ರ ಗೋಧಿ ನಿಂತಿತು. ಎರಡು ವರ್ಷದ ಮಳೆಯ ಹಸಿಯನ್ನು ಮಣ್ಣಿನೊಳಗೆ ಕೂಡಿಟ್ಟು ಒಂದು ಬೆಳೆ ತೆಗೆಯುವ ಈ ಕ್ರಮವನ್ನು ಆಂಗಸ್ ಮೆಕೇ ಎಂಬ ರೈತ ಗುರುತಿಸಿ, ಊರೂರಿಗೆ ಹೇಳಿ ಪ್ರಚಾರ ಮಾಡಿದರು. ಕೆನಡಾ ಸರ್ಕಾರ 1886ರಲ್ಲಿ ಕಾಯಿದೆ ಮಾಡಿ ಸ್ಥಾಪಿಸಿದ ಮೊದಲ ಐದು ಪ್ರಾಯೋಗಿಕ ಕೃಷಿ ಕೇಂದ್ರಗಳಲ್ಲಿ ಒಂದು ಇಂಡಿಯನ್ ಹೆಡ್‌ನಲ್ಲಿ ಆರಂಭವಾದಾಗ, ಅದರ ಮೊದಲ ಮೇಲ್ವಿಚಾರಕರಾಗಿ ಅವರೇ ನೇಮಕಗೊಂಡರು.

ಎರೆ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿಯಲ್ಲಿ ಹೊಲವನ್ನು ಬಿತ್ತದೆ ಬಿಟ್ಟು, ಮಳೆ ಬಂದಾಗಲೆಲ್ಲ ಕುಂಟೆ ಹೊಡೆದು ಕಳೆ ತೆಗೆದು, ಹಸಿಯನ್ನು ಒಳಗೆ ಹಿಡಿದಿಟ್ಟು, ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತುವ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದೇ. ಇಂಡಿಯನ್ ಹೆಡ್ ಸುತ್ತಲಿನ ಮಣ್ಣು ಕೂಡ ಹೆಚ್ಚು ಜಿಗುಟಾದ, ಒಣಗಿದರೆ ಬಿರುಕು ಬಿಡುವ, ಹಸಿ ಹಿಡಿಯುವ ಕಪ್ಪು ಮಣ್ಣು. ವರ್ಷಕ್ಕೆ ಅಲ್ಲಿ ಬೀಳುವುದು ಹಿಮವೂ ಸೇರಿ 400 ಮಿಲಿಮೀಟರ್ ಆಸುಪಾಸು. ಅದು ವಿಜಯಪುರದ ಮಳೆಗಿಂತಲೂ ಕಡಿಮೆ. ಚಳಿಗಾಲದಲ್ಲಿ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಆ ನಾಡಿನಲ್ಲಿ ಪೈರಿಗೆ ಸಿಗುವುದು ಮೂರೂವರೆ–ನಾಲ್ಕು ತಿಂಗಳು ಮಾತ್ರ. ಅಷ್ಟರೊಳಗೆ ಬೆಳೆ ಕೈಗೆ ಬರಬೇಕು.

ಆ ಅವಸರಕ್ಕೆ ಉತ್ತರ ಸಿಕ್ಕಿದ್ದರಲ್ಲಿ ನಮ್ಮ ದೇಶದ ಪಾಲೂ ಇದೆ ಎಂಬುದನ್ನು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಲ್ಲಿನ ರೈತರು ಬೆಳೆಯುತ್ತಿದ್ದ ರೆಡ್ ಫೈಫ್ ಎಂಬ ಗೋಧಿ ಹಿಟ್ಟಿಗೆ ಉತ್ತಮವಾಗಿದ್ದರೂ ತಡವಾಗಿ ಮಾಗುತ್ತಿತ್ತು. ಎಷ್ಟೋ ವರ್ಷ ಕೊಯ್ಲಿಗೆ ಮುನ್ನವೇ ಹಿಮ ಬಿದ್ದು ಹಾಳಾಗುತ್ತಿತ್ತು. ಬೇಗ ಮಾಗುವ ಗೋಧಿಗಾಗಿ ಕೆನಡಾದ ಕೃಷಿ ವಿಜ್ಞಾನಿಗಳು ಬೇರೆ ಬೇರೆ ದೇಶಗಳ ಬೀಜ ತರಿಸಿದರು. ಅವುಗಳಲ್ಲಿ ಭಾರತದಿಂದ ಹೋದ 'ಹಾರ್ಡ್ ರೆಡ್ ಕಲ್ಕತ್ತಾ' ಎಂಬ ಗೋಧಿಯೂ ಇತ್ತು. ಅದನ್ನು ರೆಡ್ ಫೈಫ್ ಜೊತೆ ಸಂಕರ ಮಾಡಿದ ಪೀಳಿಗೆಯಿಂದ ಒಟ್ಟಾವಾದ ಚಾರ್ಲ್ಸ್ ಸಾಂಡರ್ಸ್ ಎಂಬ ವಿಜ್ಞಾನಿ ಆರಿಸಿ ತೆಗೆದದ್ದು ಮಾರ್ಕ್ವಿಸ್ ಎಂಬ ತಳಿ. 1907ರಲ್ಲಿ ಅದನ್ನು ಪ್ರೇರಿ ಎಂದು ಕರೆಯುವ ಈ ಬಯಲು ಸೀಮೆಯ ನೆಲದಲ್ಲಿ ಪರೀಕ್ಷಿಸಲು ಕಳಿಸಿದ್ದು ಇಂಡಿಯನ್ ಹೆಡ್‌ನ ಇದೇ ಪ್ರಾಯೋಗಿಕ ಕೇಂದ್ರಕ್ಕೆ. ರೆಡ್ ಫೈಫ್‌ಗಿಂತ ಸುಮಾರು ಒಂದು ವಾರ ಮೊದಲೇ ಮಾಗಿದ ಆ ಗೋಧಿ, 1920ರ ಹೊತ್ತಿಗೆ ಪ್ರೇರಿಯ ಗೋಧಿ ಹೊಲಗಳ ಬಹುಪಾಲನ್ನು ಆವರಿಸಿತ್ತು. ಕೆನಡಾ ಜಗತ್ತಿನ ಕಣಜ ಎನಿಸಿಕೊಂಡದ್ದರ ಹಿಂದೆ ಹೆಸರು ಗೊತ್ತಿಲ್ಲದ ಯಾವುದೋ ಭಾರತೀಯ ರೈತರು ಉಳಿಸಿಕೊಂಡು ಬಂದ ಬೀಜವೂ ಇದೆ. ಕೆನಡಾಕ್ಕೆ ಹೊರಟ ನಮ್ಮ ಮಕ್ಕಳಿಗೆ ಈ ಮಾತು ತಿಳಿದಿರಬೇಡವೇ?

ಇನ್ನು ನನ್ನ ವೃತ್ತಿಗೆ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. ಪ್ರೇರಿಯ ಊರುಗಳ ಚಿತ್ರಗಳಲ್ಲಿ ರೈಲು ಹಳಿಯ ಪಕ್ಕ ನಿಂತ ಎತ್ತರದ ಮರದ ಕಟ್ಟಡಗಳನ್ನು ಓದುಗರು ನೋಡಿರಬಹುದು. ಅವುಗಳಿಗೆ ಎಲಿವೇಟರ್ ಎನ್ನುತ್ತಾರೆ. ರೈತ ತನ್ನ ಗಾಡಿಯನ್ನು ಇಳಿಜಾರಿನ ಮೇಲೆ ಹತ್ತಿಸಿ ಒಳಗೆ ತಂದರೆ, ಅಲ್ಲಿ ಗಾಡಿ ಸಮೇತ ತೂಕವಾಗುತ್ತದೆ. ಕಾಳನ್ನು ಕೆಳಗಿನ ಗುಂಡಿಗೆ ಸುರಿದು, ಬಟ್ಟಲುಗಳನ್ನು ಜೋಡಿಸಿದ ಸುತ್ತು ಪಟ್ಟಿಯಿಂದ ಅದನ್ನು ಮೇಲಕ್ಕೆ ಎತ್ತಿ, ದರ್ಜೆಗೆ ತಕ್ಕಂತೆ ಬೇರೆ ಬೇರೆ ಕಣಜಗಳಿಗೆ ಬೀಳಿಸುತ್ತಾರೆ. ರೈಲು ಡಬ್ಬಿ ಬಂದಾಗ ಅದೇ ಕಾಳು ಕೊಳವೆಯ ಮೂಲಕ ತನ್ನ ಭಾರದಿಂದಲೇ ಕೆಳಗಿಳಿದು ಡಬ್ಬಿ ತುಂಬುತ್ತದೆ. ಕುದುರೆ ಗಾಡಿ ಒಂದು ದಿನದಲ್ಲಿ ಹೋಗಿ ಬರಬಹುದಾದಷ್ಟು ದೂರಕ್ಕೊಂದರಂತೆ ಹಳಿಯುದ್ದಕ್ಕೂ ಸ್ಟೇಷನ್‌ಗಳು, ಪ್ರತಿ ಸ್ಟೇಷನ್ನಿನಲ್ಲಿ ಎಲಿವೇಟರುಗಳು ಎದ್ದವು. 1930ರ ದಶಕದಲ್ಲಿ ಪ್ರೇರಿಯ ಮೂರು ಪ್ರಾಂತ್ಯಗಳಲ್ಲಿ ಇಂಥ ಐದು ಸಾವಿರಕ್ಕೂ ಹೆಚ್ಚು ಕಟ್ಟಡಗಳಿದ್ದವು. ಈಗ ಅವುಗಳಲ್ಲಿ ಹೆಚ್ಚಿನವು ಇಲ್ಲವಾಗಿ, ಅವುಗಳ ಜಾಗಕ್ಕೆ ಅಲ್ಲೊಂದು ಇಲ್ಲೊಂದು ಭಾರೀ ಕಾಂಕ್ರೀಟ್ ಕಣಜಗಳು ಬಂದಿವೆ.

ಆ ಎಲಿವೇಟರು ರೈತನಿಗೆ ಅನುಕೂಲವೂ ಹೌದು, ಉರುಳೂ ಹೌದು. ತೂಕ ಮಾಡುವವನೇ ದರ್ಜೆ ಕಟ್ಟುವವನು, ದರ್ಜೆ ಕಟ್ಟುವವನೇ ಕೊಳ್ಳುವವನು. ಕಸ, ತೇವ ಎಂದು ತೂಕದಲ್ಲಿ ಕಡಿತ ಮಾಡುವವನೂ ಅವನೇ. ರೈತ ತಾನೇ ರೈಲು ಡಬ್ಬಿ ಪಡೆದು, ಕಟ್ಟೆಯಿಂದ ನೇರವಾಗಿ ತುಂಬಿ ಕಳಿಸಲು 1900ರ ಕಾಯಿದೆ ಅವಕಾಶ ಕೊಟ್ಟಿತ್ತು. ಆದರೆ 1901ರಲ್ಲಿ ಹಿಂದೆಂದೂ ಕಾಣದಷ್ಟು ಬೆಳೆ ಬಂದು ಡಬ್ಬಿಗಳಿಗೆ ಅಭಾವವಾದಾಗ, ರೈಲ್ವೆ ಎಲಿವೇಟರ್ ಕಂಪನಿಗಳಿಗೇ ಡಬ್ಬಿ ಕೊಟ್ಟು ರೈತರನ್ನು ಕಾಯಿಸಿತು. ಗೋಧಿ ಬಯಲಲ್ಲಿ ರಾಶಿಯಾಗಿ ಕೆಡತೊಡಗಿತು. ಬೇಸತ್ತ ರೈತರು ಆ ವರ್ಷದ ಡಿಸೆಂಬರ್‌ನ ಚಳಿಯಲ್ಲಿ ಇಂಡಿಯನ್ ಹೆಡ್‌ನಲ್ಲಿ ಸೇರಿದರು. ಅಬರ್ನೆತಿ ಎಂಬ ಪಕ್ಕದ ಊರಿನ ರೈತ ವಿಲಿಯಂ ಮದರ್‌ವೆಲ್ ಅವರ ಮುಂದಾಳತ್ವದಲ್ಲಿ ಆ ಪ್ರದೇಶದ ಧಾನ್ಯ ಬೆಳೆಗಾರರ ಸಂಘ ಅಲ್ಲಿ ಹುಟ್ಟಿತು.

ಸಂಘ ಬರೀ ಮನವಿ ಕೊಟ್ಟು ಕೂರಲಿಲ್ಲ. ಮರುವರ್ಷವೇ ಪಕ್ಕದ ಸಿಂಟಲೂಟಾ ಸ್ಟೇಷನ್ನಿನ ರೈಲ್ವೆ ಏಜೆಂಟನ ಮೇಲೆ, ಕಾಯಿದೆಯಂತೆ ಸರದಿ ಪ್ರಕಾರ ಡಬ್ಬಿ ಕೊಡಲಿಲ್ಲವೆಂದು ಮೊಕದ್ದಮೆ ಹೂಡಿತು. ದೇಶದ ಅತಿ ಬಲಿಷ್ಠ ಕಂಪನಿಯ ಎದುರು ಹಳ್ಳಿಯ ರೈತರು ನಿಂತ ಆ ಪ್ರಕರಣದಲ್ಲಿ ಸ್ಥಳೀಯ ನ್ಯಾಯಾಧಿಕಾರಿ ಏಜೆಂಟನನ್ನು ತಪ್ಪಿತಸ್ಥನೆಂದು ಹೇಳಿ 50 ಡಾಲರ್ ದಂಡ ಹಾಕಿದರು. ದಂಡ ಸಣ್ಣದು, ಆದರೆ ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಹೋದರೂ ತೀರ್ಪು ರೈತರ ಪರವಾಗಿಯೇ ಉಳಿಯಿತು. ಪ್ರತಿ ಸ್ಟೇಷನ್ನಿನಲ್ಲಿ ಒಂದು ದಾಖಲೆ ಪುಸ್ತಕವಿಡಬೇಕು, ಡಬ್ಬಿ ಬೇಕಾದವರು ಅದರಲ್ಲಿ ಹೆಸರು ಬರೆಸಬೇಕು, ಬರೆಸಿದ ಸರದಿಯಂತೆಯೇ ಡಬ್ಬಿ ಸಿಗಬೇಕು ಎಂಬ ನಿಯಮ ಗಟ್ಟಿಯಾಯಿತು. ಜೀವನವೆಲ್ಲ ಖಾತೆ ಪುಸ್ತಕ ಬರೆದ ನನಗೆ ಆ ಒಂದು ಪುಸ್ತಕದ ಬೆಲೆ ಗೊತ್ತು. ಯಾರ ಮಾಲು ಮೊದಲು, ಯಾರದು ನಂತರ ಎಂಬುದು ಯಾರದೋ ಬಾಯಿಮಾತಿನಲ್ಲಿರುವುದಕ್ಕೂ, ಎಲ್ಲರೂ ನೋಡಬಹುದಾದ ಹಾಳೆಯ ಮೇಲಿರುವುದಕ್ಕೂ ಬಹಳ ಅಂತರವಿದೆ. ನಮ್ಮ ಪೇಟೆಗಳಲ್ಲಿ ದೂರದ ಹಳ್ಳಿಯಿಂದ ಚೀಲ ಹೊತ್ತು ಬಂದ ರೈತ ತೂಕಕ್ಕಾಗಿ ಎರಡು ರಾತ್ರಿ ಲಾರಿಯ ಕೆಳಗೆ ಮಲಗಿ, ಕೊನೆಗೆ ಕೊಟ್ಟಷ್ಟು ಹಣ ಎಣಿಸಿಕೊಂಡು ಹೋದದ್ದನ್ನು ನಾನು ನೋಡಿದ್ದೇನೆ.

ಅಲ್ಲಿಂದ ಮುಂದಿನದು ದೊಡ್ಡ ಕಥೆ. ಸಿಂಟಲೂಟಾದ ಎಡ್ವರ್ಡ್ ಪಾರ್ಟ್ರಿಜ್ ಎಂಬ ರೈತ ವಿನ್ನಿಪೆಗ್‌ನ ಧಾನ್ಯ ವಿನಿಮಯ ಕೇಂದ್ರಕ್ಕೆ ಹೋಗಿ, ಅಲ್ಲಿನ ವಹಿವಾಟನ್ನು ಕಣ್ಣಾರೆ ಕಂಡು ಬಂದು, ರೈತರೇ ಒಡೆಯರಾದ ಧಾನ್ಯ ಮಾರಾಟ ಕಂಪನಿಯನ್ನು 1906ರಲ್ಲಿ ಕಟ್ಟಿದರು. 1920ರ ದಶಕದಲ್ಲಿ ಸಸ್ಕ್ಯಾಚೆವಾನ್ ಗೋಧಿ ಬೆಳೆಗಾರರ ಸಹಕಾರಿ ಒಕ್ಕೂಟ ಬಂತು. ಮದರ್‌ವೆಲ್ 1905ರಲ್ಲಿ ಪ್ರಾಂತ್ಯದ ಮೊದಲ ಕೃಷಿ ಮಂತ್ರಿಯಾಗಿ, ಆಮೇಲೆ ಕೇಂದ್ರದಲ್ಲೂ ಅದೇ ಖಾತೆಯ ಮಂತ್ರಿಯಾದರು. ಅವರ ಕಲ್ಲಿನ ಮನೆ ಇಂದು ರಾಷ್ಟ್ರೀಯ ಸ್ಮಾರಕ.

ಈ ಹೋರಾಟವನ್ನು ಮೆಚ್ಚುವಾಗ ಅದರ ಹೊರಗೆ ಉಳಿದವರನ್ನೂ ನೆನೆಯಬೇಕು. ಬಿಳಿಯ ರೈತರು ಡಬ್ಬಿಯ ಸರದಿಗಾಗಿ ಕೋರ್ಟಿಗೆ ಹೋಗುತ್ತಿದ್ದ ಕಾಲದಲ್ಲಿಯೇ, ಪಕ್ಕದ ಮೀಸಲು ಜಾಗಗಳಲ್ಲಿ ಗೋಧಿ ಬೆಳೆದ ಮೂಲನಿವಾಸಿ ರೈತ ತನ್ನ ಬೆಳೆಯನ್ನು ಮಾರಬೇಕಾದರೆ ಸರ್ಕಾರಿ ಏಜೆಂಟನಿಂದ ಪರವಾನಗಿ ಚೀಟಿ ಪಡೆಯಬೇಕಾಗಿತ್ತು. ಅದಕ್ಕೂ ಹಿಂದೆ, 1889ರಿಂದ ಕೆಲವು ವರ್ಷ, ಅವರು ಯಂತ್ರಗಳನ್ನು ಬಳಸದೆ ಕೈ ಸಲಕರಣೆಗಳಿಂದಲೇ ಸಣ್ಣ ತುಂಡು ನೆಲದಲ್ಲಿ ಬೇಸಾಯ ಮಾಡಬೇಕೆಂಬ ನೀತಿಯನ್ನೂ ಹೇರಲಾಗಿತ್ತು. ಮೂಲನಿವಾಸಿಗಳಿಗೆ ಬೇಸಾಯದ ಆಸಕ್ತಿಯಿರಲಿಲ್ಲ ಎಂಬ ಹಳೆಯ ಆರೋಪವನ್ನು ಕೇಳಿದಾಗಲೆಲ್ಲ ಈ ಚೀಟಿಗಳನ್ನು ನೆನಪಿಸಬೇಕು.

ಇಂಡಿಯನ್ ಹೆಡ್‌ಗೆ ಹೋದವರು ತಕ್ಷಣ ಗಮನಿಸುವುದು ಅಲ್ಲಿನ ಮರಗಳನ್ನು. ಸುತ್ತಲೂ ಕಣ್ಣು ಹರಿದಷ್ಟು ದೂರ ಬಯಲು, ನಡುವೆ ಒಮ್ಮೆಲೇ ಹಸಿರು ಗುಡ್ಡೆಯಂತೆ ಊರು. 1900ರ ನಂತರದ ಮೊದಲ ವರ್ಷಗಳಲ್ಲಿ ಇಲ್ಲಿ ಸರ್ಕಾರದ ಸಸಿ ಪಾಲನಾ ಕೇಂದ್ರ ಆರಂಭವಾಯಿತು. ನಾರ್ಮನ್ ರಾಸ್ ಎಂಬ ಅರಣ್ಯ ತಜ್ಞರು ಹಲವು ದಶಕ ಅದನ್ನು ನಡೆಸಿದರು. ಗಾಳಿಗೆ ಮಣ್ಣು ಹಾರದಂತೆ, ಮನೆ-ಕೊಟ್ಟಿಗೆಗಳಿಗೆ ಶೀತಗಾಳಿ ಬಡಿಯದಂತೆ ಹೊಲದ ಅಂಚಿಗೆ ಸಾಲು ಮರ ನೆಡಲು ಪ್ರೇರಿಯ ರೈತರಿಗೆ ಇಲ್ಲಿಂದ ಸಸಿ ಹೋಗುತ್ತಿತ್ತು. 2013ರಲ್ಲಿ ಕೇಂದ್ರ ಸರ್ಕಾರ ಆ ಕಾರ್ಯಕ್ರಮವನ್ನು ನಿಲ್ಲಿಸುವ ವೇಳೆಗೆ ಹೀಗೆ ಹಂಚಿದ ಸಸಿಗಳ ಸಂಖ್ಯೆ 60 ಕೋಟಿ ದಾಟಿತ್ತು. ಸೈಬೀರಿಯಾದಿಂದ ತಂದ ಕ್ಯಾರಗಾನ ಎಂಬ ಪೊದೆ ಅವುಗಳಲ್ಲಿ ಮುಖ್ಯವಾದದ್ದು. ನಮ್ಮ ತೊಗರಿ-ಬಟಾಣಿಗಳ ಕುಲದ್ದೇ ಆದ ಆ ಗಿಡ ಹಳದಿ ಹೂ ಬಿಟ್ಟು, ಸಣ್ಣ ಕಾಯಿ ಕಟ್ಟುತ್ತದೆ. ಜುಲೈ ತಿಂಗಳ ಬಿಸಿಲಿನಲ್ಲಿ ಅಂಥದೊಂದು ಸಾಲಿನ ಪಕ್ಕ ನಿಂತಾಗ ಒಣಗಿದ ಕಾಯಿಗಳು ಚಟ್ ಚಟ್ ಎಂದು ಸಿಡಿದು ಸುರುಳಿ ಸುತ್ತಿಕೊಳ್ಳುವುದನ್ನು ಕಣ್ಣೆದುರಿಗೇ ನೋಡಿದೆ. ನೂರಾರು ವರ್ಷ ಬಾಳಬೇಕಾದ ಇಂಥ ಕೆಲಸವನ್ನು ಖರ್ಚಿನ ಕಾರಣ ಹೇಳಿ ನಿಲ್ಲಿಸಿದ್ದು ದುಡುಕಿನ ನಿರ್ಧಾರವೆಂದೇ ನನಗನ್ನಿಸುತ್ತದೆ. ದೊಡ್ಡ ಯಂತ್ರಗಳು ತಿರುಗಲು ಅಡ್ಡಿಯೆಂದು ಅನೇಕ ಕಡೆ ಹಳೆಯ ಸಾಲುಗಳನ್ನು ಕಿತ್ತೂ ಹಾಕುತ್ತಿದ್ದಾರೆ.

ಅದೇ ಊರು ಪ್ರೇರಿಗೆ ಕಲಿಸಿದ ಪಾಳು ಬಿಡುವ ಪದ್ಧತಿಗೂ ಒಂದು ಕೆಡುಕಿನ ಮುಖವಿತ್ತು. ವರ್ಷವಿಡೀ ಉತ್ತು ಬೆತ್ತಲೆ ಬಿಟ್ಟ ಮಣ್ಣು 1930ರ ದಶಕದ ಬರದಲ್ಲಿ ಧೂಳಾಗಿ ಎದ್ದು ಆಕಾಶವನ್ನೇ ಮುಚ್ಚಿತು. ಸಾವಿರಾರು ಕುಟುಂಬಗಳು ಹೊಲ ಬಿಟ್ಟು ಹೋದವು. ಪ್ರೇರಿಯ ಹೊಲಗಳ ಪುನಶ್ಚೇತನಕ್ಕೆಂದೇ 1935ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಇಲಾಖೆ ತೆರೆಯಬೇಕಾಯಿತು. ಮಣ್ಣಿನ ಸವಕಳಿಯ ಬಗ್ಗೆ ಸೆನೆಟ್ ಸಮಿತಿಯೊಂದು 1984ರಲ್ಲಿ ಮತ್ತೆ ಗಂಭೀರ ಎಚ್ಚರಿಕೆ ಕೊಟ್ಟಿತು. ಆ ಹೊತ್ತಿಗೆ ಇಂಡಿಯನ್ ಹೆಡ್‌ನಲ್ಲಿಯೇ ಉಳುಮೆಯಿಲ್ಲದ ಬೇಸಾಯದ ಪ್ರಯೋಗಗಳು ಶುರುವಾಗಿದ್ದವು. ಹಿಂದಿನ ಬೆಳೆಯ ಕೂಳೆಯನ್ನು ಹಾಗೆಯೇ ನಿಲ್ಲಿಸಿ, ಅದರ ನಡುವೆ ಸಣ್ಣ ಸೀಳು ಮಾಡಿ, ಬೀಜ ಒಂದು ಆಳದಲ್ಲಿ, ಗೊಬ್ಬರ ಇನ್ನೊಂದು ಆಳದಲ್ಲಿ ಬೀಳುವಂತೆ ಮಾಡುವ ಕೂರಿಗೆಯೊಂದನ್ನು ಅದೇ ಊರಿನ ರೈತ ಜಿಮ್ ಹಾಲ್‌ಫರ್ಡ್ ರೂಪಿಸಿದರು. 2007ರಲ್ಲಿ ಅದನ್ನು ಜಾನ್ ಡೀರ್ ಕಂಪನಿ ಕೊಂಡುಕೊಂಡಿತು. ಸಂಶೋಧನಾ ಕೇಂದ್ರದ ವಿಜ್ಞಾನಿ ಗೀ ಲಾಫೋಂ ಈ ಪದ್ಧತಿಯ ಮೇಲೆ ಹಲವು ವರ್ಷ ದುಡಿದರು. ನಿಂತ ಕೂಳೆ ಚಳಿಗಾಲದ ಹಿಮವನ್ನು ಹಿಡಿದಿಡುತ್ತದೆ, ವಸಂತದಲ್ಲಿ ಅದೇ ಕರಗಿ ಹಸಿಯಾಗುತ್ತದೆ. ಪಾಳು ಬಿಡುವ ಅಗತ್ಯವೇ ಬಹುಮಟ್ಟಿಗೆ ತಪ್ಪಿತು.

ಪಾಳು ಬಿಡುತ್ತಿದ್ದ ಆ ಹೊಲಗಳಿಗೆ ಬಂದ ಹೊಸ ಬೆಳೆಗಳಲ್ಲಿ ಮುಖ್ಯವಾದವು ನಮ್ಮ ವಾಶಿ ಮಾರುಕಟ್ಟೆಗೆ ಬರುವ ಮಸೂರ ಮತ್ತು ಬಟಾಣಿ. ಗಾಳಿಯ ಸಾರಜನಕವನ್ನು ಬೇರಿನಲ್ಲಿ ಕಟ್ಟಿ ಮಣ್ಣಿಗೆ ಕೊಡುವ ಕಾಳುಗಳಿವು. ಗೋಧಿಯ ನಂತರ ಇವು, ಇವುಗಳ ನಂತರ ಗೋಧಿ ಎಂಬ ಸರದಿ ಅಲ್ಲಿನ ರೈತನಿಗೆ ಲಾಭದಾಯಕವಾಯಿತು. ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದ ಆಲ್ ಸ್ಲಿಂಕರ್ಡ್ ಎಂಬ ತಳಿ ವಿಜ್ಞಾನಿ 1978ರಲ್ಲಿ ಬಿಡುಗಡೆ ಮಾಡಿದ ಲೇರ್ಡ್ ಎಂಬ ಮಸೂರ ಅಲ್ಲಿ ಈ ಬೆಳೆಗೆ ಬುನಾದಿ ಹಾಕಿತು. ಹಸಿರು ಗೊಬ್ಬರಕ್ಕೆಂದು ಬೆಳೆಸಿದ ಪುಟ್ಟ ಕಪ್ಪು ಮಸೂರದ ತಳಿಯೊಂದಕ್ಕೆ ಇಂಡಿಯನ್ ಹೆಡ್ ಎಂದೇ ಹೆಸರಿಟ್ಟಿದ್ದಾರೆ. ಈಗ ಕೆನಡಾ ಮಸೂರದ ರಫ್ತಿನಲ್ಲಿ ಜಗತ್ತಿನ ಮುಂಚೂಣಿಯಲ್ಲಿದೆ, ಅದರ ಬಹುಪಾಲು ಬೆಳೆಯುವುದು ಈ ಒಂದೇ ಪ್ರಾಂತ್ಯದಲ್ಲಿ. ಅಲ್ಲಿಂದ ರೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕಿಲೊಮೀಟರ್ ಸಾಗಿ, ಬೆಟ್ಟ ದಾಟಿ ವ್ಯಾಂಕೂವರ್ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ ಅಥವಾ ನ್ಹಾವಾ ಶೇವಾಕ್ಕೆ ಬಂದ ಕಾಳು ನಮ್ಮವರ ಹೋಟೆಲುಗಳ ರಗಡಾ ಪ್ಯಾಟಿಸ್‌ಗೂ, ನಮ್ಮ ಮನೆಯ ಸಾರಿಗೂ ಸೇರುತ್ತದೆ.

ಭಾರತ ಸರ್ಕಾರ 2017ರ ನವೆಂಬರ್‌ನಲ್ಲಿ ಬಟಾಣಿಯ ಮೇಲೆ ಶೇ. 50 ಆಮದು ಸುಂಕ ಹಾಕಿದಾಗ, ಮರುತಿಂಗಳು ಮಸೂರ ಮತ್ತು ಕಡಲೆಯ ಮೇಲೆ ಶೇ. 30 ಹಾಕಿದಾಗ ವಾಶಿಯ ಪೇಟೆಯಲ್ಲಿ ಫೋನುಗಳು ಬಿಡುವಿಲ್ಲದೆ ಮೊಳಗಿದವು. 2023ರ ಡಿಸೆಂಬರ್‌ನಲ್ಲಿ ಬಟಾಣಿಯ ಸುಂಕ ತೆಗೆದಾಗ ಕಲಬುರಗಿ, ವಿಜಯಪುರಗಳ ತೊಗರಿ-ಕಡಲೆ ಬೆಳೆಗಾರರು ತಮ್ಮ ದರ ಕುಸಿಯುತ್ತದೆ ಎಂದು ಆತಂಕಪಟ್ಟರು. ಆ ಆತಂಕ ನ್ಯಾಯವಾದದ್ದು. ದಿಲ್ಲಿಯ ಒಂದು ಅಧಿಸೂಚನೆಯಿಂದ ಎರಡು ಖಂಡಗಳ ಎರೆ ಹೊಲಗಳ ಲೆಕ್ಕ ಬದಲಾಗುತ್ತದೆ. ಪತ್ರಿಕೆಗಳಲ್ಲಿ ಈ ಸುದ್ದಿ ವಾಣಿಜ್ಯ ಪುಟದ ನಾಲ್ಕು ಸಾಲಿಗೆ ಮುಗಿಯುತ್ತದೆ. ಆ ಕಾಳನ್ನು ಬೆಳೆದ ಊರು ಯಾವುದು, ಅಲ್ಲಿನವರು ಅದನ್ನು ಬೆಳೆಯುವ ಮಟ್ಟಕ್ಕೆ ಹೇಗೆ ಬಂದರು ಎಂಬುದನ್ನು ಯಾರೂ ಬರೆಯುವುದಿಲ್ಲ. ಮುಂಬೈಯ ಕನ್ನಡ ಓದುಗರಲ್ಲಿ ಹೋಟೆಲ್ ನಡೆಸುವವರು, ದಾಣಾ ಪೇಟೆಯಲ್ಲಿ ದುಡಿಯುವವರು, ಊರಿನಲ್ಲಿ ಇನ್ನೂ ಹೊಲ ಉಳಿಸಿಕೊಂಡವರು ಬಹಳ ಮಂದಿ ಇದ್ದಾರೆ. ಅವರಿಗೆ ಈ ವಿಷಯ ಪರಕೀಯವಲ್ಲ.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು. ಲೇಖನಮಾಲೆಯ ಮುಂದಿನ ಕಂತಿನಲ್ಲಿ, ಪ್ರೇರಿ ಸೀಮೆಯನ್ನು ಕುರಿತ ಆ ಸಾಲನ್ನು ದಯವಿಟ್ಟು ತಿದ್ದಿ ಪ್ರಕಟಿಸಬೇಕು. ರೆಜೈನಾ, ಸಾಸ್ಕಟೂನ್, ವಿನ್ನಿಪೆಗ್ ನಗರಗಳಲ್ಲಿ ಈಗ ಓದುತ್ತಿರುವ ನಮ್ಮ ಕನ್ನಡದ ಮಕ್ಕಳಿಂದಲೇ ಅಲ್ಲಿನ ಸಣ್ಣ ಊರುಗಳ ಬಗ್ಗೆ ಬರೆಸಬೇಕು. ರೆಜೈನಾದವರಿಗಂತೂ ಇಂಡಿಯನ್ ಹೆಡ್ ಒಂದನೇ ನಂಬರಿನ ಹೆದ್ದಾರಿಯಲ್ಲಿ ಒಂದು ತಾಸಿನ ದಾರಿಯೂ ಅಲ್ಲ, ದುಂಡು ಕೊಟ್ಟಿಗೆಯನ್ನು ಬೇಸಿಗೆಯಲ್ಲಿ ಹೋದರೆ ಒಳಹೊಕ್ಕು ನೋಡಬಹುದು. ಜೊತೆಗೆ, ಕಲಬುರಗಿಯ ತೊಗರಿ ಬೆಳೆಗಾರರೊಬ್ಬರ ಮತ್ತು ಸಸ್ಕ್ಯಾಚೆವಾನ್‌ನ ಬಟಾಣಿ ಬೆಳೆಗಾರರೊಬ್ಬರ ಒಂದು ವರ್ಷದ ಜಮಾಖರ್ಚನ್ನು ಅಕ್ಕಪಕ್ಕದಲ್ಲಿಟ್ಟು ನಿಮ್ಮ ವರದಿಗಾರರು ಬರೆಯುವುದಾದರೆ, ವಾಶಿ ಮಾರುಕಟ್ಟೆಯ ಕಡೆಯಿಂದ ಬೇಕಾದ ವಿವರಗಳನ್ನು ಒದಗಿಸಲು ನಾನೂ ನನ್ನ ಹಳೆಯ ಸಹೋದ್ಯೋಗಿಗಳೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗುಮಾಸ್ತ, ಡೊಂಬಿವಲಿ ಪೂರ್ವ